ಓದುಗರ ಪ್ರಶ್ನೋತ್ತರ: ಗೆಲುವಿನ ಬೆನ್ನಿಗೇ ಬರುವ ಅಹಂಕಾರ

ಪ್ರಶ್ನೆ: ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಪಡೆದ ಮೇಲೆ ಕುಡಿತವನ್ನೂ ಹೊಲಸು ಮಾತನ್ನೂ ಬಿಟ್ಟೆ. ಅದಾಗಿ ಹತ್ತು ವರ್ಷಗಳಾದವು. ಈಗ ಸಭೆಯ ಪ್ರಾರ್ಥನಾಕೂಟವನ್ನು ನಡೆಸುವ ಜವಾಬ್ದಾರಿ ನನ್ನದು. ಆದರೆ ಕಿರಿಯರು ಯಾರಾದರೂ ನನ್ನ ತಪ್ಪನ್ನು ತೋರಿಸಿದರೆ ಮುಖದಲ್ಲಿ ನಗುವಿದ್ದರೂ ಒಳಗೊಳಗೇ ಕುದಿಯುತ್ತೇನೆ. ಇನ್ನೂ ಕುಡಿಯುತ್ತಿರುವವರನ್ನು ಕಂಡರೆ ಕನಿಕರಕ್ಕಿಂತ ಮೊದಲು ತಾತ್ಸಾರ ಹುಟ್ಟುತ್ತದೆ. ಮನೆಯಲ್ಲಿ ನನ್ನ ಸಿಟ್ಟು ಹಿಂದಿನಂತೆಯೇ ಇದೆ. ಮೊನ್ನೆ ಮಗಳು, "ಅಪ್ಪ, ನೀವು ಸಭೆಯಲ್ಲಿ ಒಂದು ಥರ, ಮನೆಯಲ್ಲಿ ಒಂದು ಥರ" ಎಂದಳು. ಇಷ್ಟು ವರ್ಷಗಳಲ್ಲಿ ನಾನು ನಿಜವಾಗಿ ಬೆಳೆದಿದ್ದೇನೆಯೇ?

ಉತ್ತರ: ಬೆಳೆದಿದ್ದೀರಿ. ಕುಡಿತವನ್ನು ಬಿಟ್ಟು ಹತ್ತು ವರ್ಷ ಅದರ ಕಡೆಗೆ ತಿರುಗಿ ನೋಡದೆ ಇರುವುದು ಸಣ್ಣ ಸಂಗತಿಯಲ್ಲ. ಅದರಲ್ಲಿ ದೇವರ ಕೃಪೆ ಕೆಲಸ ಮಾಡಿದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನಿಮ್ಮನ್ನು ಈಗ ಕಾಡುತ್ತಿರುವುದು ಆ ಗೆಲುವಿನ ನಂತರ ಬರುವ ತೊಂದರೆ, ಮತ್ತು ಅದು ನಿಮಗೊಬ್ಬರಿಗೇ ಬಂದದ್ದಲ್ಲ. ಕುಡಿತ, ಕಾಮ, ದುರಾಸೆ ಇವೆಲ್ಲ ನಮ್ಮ ಬಲಹೀನತೆಯನ್ನು ಹಿಡಿದುಕೊಂಡು ಬರುತ್ತವೆ. ಅಹಂಕಾರವಾದರೋ ನಾವು ಅವುಗಳನ್ನು ಗೆದ್ದೆವು ಎಂಬ ಸಂಗತಿಯನ್ನೇ ಆಹಾರ ಮಾಡಿಕೊಳ್ಳುತ್ತದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸಿನ ಜೀವನ ನಡೆಸಿದ ಎವಾಗ್ರಿಯಸ್, ಮನುಷ್ಯನನ್ನು ಕೆಡಿಸುವ ಎಂಟು ದುರಾಲೋಚನೆಗಳನ್ನು ಪಟ್ಟಿ ಮಾಡಿದಾಗ ಹೊಟ್ಟೆಬಾಕತನದಿಂದ ಆರಂಭಿಸಿ, ಹೊಗಳಿಕೆಯ ಆಸೆಯನ್ನೂ ಅಹಂಕಾರವನ್ನೂ ಕೊನೆಯಲ್ಲಿ ಇಟ್ಟನು. ಬಹಳ ದೂರ ನಡೆದು ಬಂದವರನ್ನೇ ಈ ಎರಡು ಹುಡುಕಿಕೊಂಡು ಬರುತ್ತವೆ ಎಂಬುದು ಆ ಸನ್ಯಾಸಿಗಳ ಅನುಭವವಾಗಿತ್ತು. ಐದನೆಯ ಶತಮಾನದ ಆರಂಭದಲ್ಲಿ ಜಾನ್ ಕ್ಯಾಸಿಯನ್ ಹಿರಿಯರ ಮಾತೊಂದನ್ನು ನೆನಪಿಸುತ್ತಾನೆ: ಹೊಗಳಿಕೆಯ ಆಸೆ ಈರುಳ್ಳಿಯಂತೆ, ಒಂದು ಸಿಪ್ಪೆಯನ್ನು ಸುಲಿದರೆ ಅದರ ಕೆಳಗೆ ಇನ್ನೊಂದು ಇರುತ್ತದೆ.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಸಾಮ್ಯದಲ್ಲಿ ಬರುವ ಫರಿಸಾಯನನ್ನು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡದವನನ್ನು, ನಾವು ಸಾಮಾನ್ಯವಾಗಿ ಕಪಟಿಯೆಂದು ಓದಿ ಮುಂದೆ ಹೋಗಿಬಿಡುತ್ತೇವೆ. ಆದರೆ ಅವನು ಸುಳ್ಳು ಹೇಳಿದನೆಂದು ಯೇಸು ಎಲ್ಲಿಯೂ ಹೇಳುವುದಿಲ್ಲ. ವಾರಕ್ಕೆ ಎರಡು ಸಾರಿ ಅವನು ಉಪವಾಸ ಮಾಡುತ್ತಿದ್ದದ್ದು, ಸಂಪಾದಿಸಿದ ಎಲ್ಲದರಲ್ಲಿ ಹತ್ತರಲ್ಲೊಂದು ಪಾಲು ಕೊಡುತ್ತಿದ್ದದ್ದು ನಿಜವೇ ಇರಬಹುದು. ಅಷ್ಟೇ ಅಲ್ಲ, ಅವನ ಪ್ರಾರ್ಥನೆ ಆರಂಭವಾಗುವುದೂ ದೇವರಿಗೆ ಸ್ತೋತ್ರ ಸಲ್ಲಿಸುವುದರಿಂದಲೇ. ಅದೇ ದೇವಾಲಯದಲ್ಲಿ ಪ್ರಾರ್ಥಿಸುತ್ತಿದ್ದ, ಜನರು ಪಾಪಿಯೆಂದು ಎಣಿಸುತ್ತಿದ್ದ ಸುಂಕದವನ ಕಡೆಗೆ ಅವನು ತಿರುಗಿಸಿದ ಕಣ್ಣೇ ಅವನನ್ನು ಕೆಡಿಸಿತು. "ನನ್ನನ್ನು ಕುಡಿತದಿಂದ ಬಿಡಿಸಿದ ದೇವರಿಗೆ ಸ್ತೋತ್ರ" ಎಂಬ ಸಾಕ್ಷಿ ಒಳ್ಳೆಯದೇ. ಆದರೆ ಅದನ್ನು ಹೇಳುವಾಗ ಇನ್ನೂ ಬಿಡಲಾರದ ಮತ್ತೊಬ್ಬನ ಮುಖ ಮನಸ್ಸಿನಲ್ಲಿ ಕೆಳಗಿನ ಮೆಟ್ಟಿಲಿನಲ್ಲಿ ನಿಂತಿದ್ದರೆ, ಅದು ಅದೇ ಫರಿಸಾಯನ ಪ್ರಾರ್ಥನೆಯಾಗುತ್ತದೆ. ಆದುದರಿಂದ ನೀವು ಹೇಳಿದ ತಾತ್ಸಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ನೀವು ಹೇಳಿದ ಕುದಿಯ ವಿಷಯಕ್ಕೆ ಬಂದರೆ, ಅರಸನಾದ ಉಜ್ಜೀಯನ ಕಥೆಯನ್ನು ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕದ 26ನೆಯ ಅಧ್ಯಾಯದಲ್ಲಿ ನಿಧಾನವಾಗಿ ಓದಿ. ಹದಿನಾರನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು ಯೆರೂಸಲೇಮಿನಲ್ಲಿ 52 ವರ್ಷ ಆಳಿದ ಅವನು ದೇವರನ್ನು ಹುಡುಕಿದವನು, ಗೋಪುರಗಳನ್ನು ಕಟ್ಟಿಸಿದವನು, ಬಾವಿಗಳನ್ನು ತೋಡಿಸಿದವನು, ವ್ಯವಸಾಯವನ್ನು ಪ್ರೀತಿಸಿದವನು. ದೇವರ ಆಶ್ಚರ್ಯಕರವಾದ ಸಹಾಯದಿಂದ ಬಲಗೊಂಡ ಮೇಲೆಯೇ ಅವನ ಹೃದಯ ಉಬ್ಬಿತೆಂದು ವೃತ್ತಾಂತವು ಹೇಳುತ್ತದೆ. ಯಾಜಕರಿಗೆ ಮೀಸಲಾಗಿದ್ದ ಧೂಪ ಹಾಕುವ ಸೇವೆಯನ್ನು ತಾನೇ ಮಾಡಲು ದೇವಾಲಯದೊಳಗೆ ಹೋದಾಗ ಯಾಜಕನಾದ ಅಜರ್ಯನೂ ಅವನೊಂದಿಗೆ ಎಂಬತ್ತು ಯಾಜಕರೂ ಅವನನ್ನು ತಡೆದರು. ನನಗೆ ಮುಖ್ಯವೆನಿಸುವುದು ಇದರ ಮುಂದಿನ ಮಾತು. ಅವನ ಹಣೆಯ ಮೇಲೆ ಕುಷ್ಠ ಕಾಣಿಸಿಕೊಂಡದ್ದು ಅವನು ಒಳಗೆ ಕಾಲಿಟ್ಟ ಗಳಿಗೆಯಲ್ಲಲ್ಲ. ಧೂಪಾರತಿಯನ್ನು ಕೈಯಲ್ಲಿ ಹಿಡಿದು, ತನ್ನನ್ನು ತಿದ್ದಿದವರ ಮೇಲೆ ಅವನು ಸಿಟ್ಟಿನಿಂದ ಉರಿಯುತ್ತಿದ್ದ ಗಳಿಗೆಯಲ್ಲಿ. ತಪ್ಪು ಮಾಡಿದವನಿಗೆ ಇನ್ನೂ ಅವಕಾಶವಿತ್ತು. ಅರಸನಾದ ದಾವೀದನು ಪರರ ಹೆಂಡತಿಯನ್ನು ಕೂಡಿ ಅವಳ ಗಂಡನನ್ನು ಕೊಲ್ಲಿಸಿ, ಉಜ್ಜೀಯನಿಗಿಂತ ಘೋರವಾದ ಪಾಪ ಮಾಡಿದ್ದನು. ಆದರೆ ಪ್ರವಾದಿಯಾದ ನಾತಾನನು "ಆ ಮನುಷ್ಯನು ನೀನೇ" ಎಂದಾಗ ತಾನು ಕರ್ತನಿಗೆ ವಿರುದ್ಧವಾಗಿ ಪಾಪ ಮಾಡಿದೆನೆಂದು ಒಪ್ಪಿಕೊಂಡನು, ಒಂದು ನೆಪವನ್ನೂ ಮುಂದಿಡಲಿಲ್ಲ. ಈ ಇಬ್ಬರು ಅರಸರ ನಡುವಿನ ವ್ಯತ್ಯಾಸವು ತಿದ್ದುವವರನ್ನು ಎದುರುಗೊಂಡ ಆ ಕೆಲವೇ ನಿಮಿಷಗಳಲ್ಲಿದೆ, ಮತ್ತು ಅಂಥ ನಿಮಿಷಗಳು ನಿಮಗೂ ಮತ್ತೆ ಮತ್ತೆ ಬರುತ್ತಿವೆ.

ಹಾಗಾದರೆ ಮಾಡುವುದೇನು? ನಿಮ್ಮ ಮಗಳಿಂದ ಆರಂಭಿಸಿ. ಅವಳು ನಿಮಗೆ ನಾತಾನನಾಗಿ ಬಂದಿದ್ದಾಳೆ. ಅವಳನ್ನು ಕರೆದು ಕೂರಿಸಿಕೊಂಡು ಕ್ಷಮೆ ಕೇಳಿ. ಆದರೆ ಹೇಗೆ ಕೇಳುತ್ತೀರಿ ಎಂಬುದರ ಬಗ್ಗೆ ಎಚ್ಚರವಿರಲಿ. "ನಿನಗೆ ಬೇಸರವಾಗಿದ್ದರೆ ಕ್ಷಮಿಸಮ್ಮ, ಕೆಲಸದ ಒತ್ತಡದಲ್ಲಿ ಹಾಗಾಯಿತು" ಎಂದರೆ ತಪ್ಪಿನಲ್ಲಿ ಅರ್ಧ ಭಾಗ ಒತ್ತಡಕ್ಕೆ, ಇನ್ನರ್ಧ ಭಾಗ ಅವಳ ಬೇಸರಕ್ಕೆ ಹೋಗಿ ನಿಮಗೆ ಏನೂ ಉಳಿಯುವುದಿಲ್ಲ. "ಆ ದಿನ ಊಟಕ್ಕೆ ಕೂತಾಗ ಎಲ್ಲರೆದುರು ನಿನ್ನ ಮೇಲೆ ಕೂಗಾಡಿದೆ. ಅದು ತಪ್ಪು. ಕ್ಷಮಿಸು" ಎಂದು ನಡೆದದ್ದನ್ನು ಹೆಸರಿಟ್ಟು ಹೇಳಿ ಸುಮ್ಮನಾಗಿ. ಹಾಗೆ ಸುಮ್ಮನಾಗುವುದೇ ಕಷ್ಟ. ಮಾತು ಮುಗಿದ ಕೂಡಲೇ "ಆದರೆ ನೀನೂ" ಎಂಬುದು ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ಆ "ಆದರೆ"ಯನ್ನು ನುಂಗಿಕೊಂಡ ದಿನ ನೀವು ಅಹಂಕಾರದ ವಿರುದ್ಧ ನಿಜವಾದ ಹೆಜ್ಜೆ ಇಟ್ಟಂತೆ. ಅವಳು ತಕ್ಷಣ ಕ್ಷಮಿಸಬೇಕೆಂದು ನಿರೀಕ್ಷಿಸಬೇಡಿ, ಮತ್ತು ಇದನ್ನು ಮುಂದಿನ ಪ್ರಾರ್ಥನಾಕೂಟದಲ್ಲಿ ಸಾಕ್ಷಿಯಾಗಿ ಹೇಳಬೇಡಿ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂದು ಕರ್ತನು ದಾನಧರ್ಮದ ವಿಷಯವಾಗಿ ಹೇಳಿದ್ದು ಇಂಥ ಸಂಗತಿಗೂ ಸಲ್ಲುತ್ತದೆ.

ಇನ್ನು ಕಿರಿಯರು ತಿದ್ದಿದಾಗ ಏನು ಮಾಡಬೇಕೆಂಬುದಕ್ಕೆ ಪೇತ್ರನನ್ನು ನೋಡಿ. ಯೊಪ್ಪದಲ್ಲಿ ದರ್ಶನ ಕಂಡು, ಯೆಹೂದ್ಯನಲ್ಲದ ಕೊರ್ನೇಲ್ಯನ ಮನೆಗೆ ಹೋಗಿ, ದೇವರು ಪಕ್ಷಪಾತಿಯಲ್ಲವೆಂದು ತಾನೇ ಸಾರಿದ್ದ ಪೇತ್ರನು, ಮುಂದೆ ಅಂತಿಯೋಕ್ಯದಲ್ಲಿ ಯೆರೂಸಲೇಮಿನ ಸಭೆಯ ಮುಖಂಡನಾದ ಯಾಕೋಬನ ಕಡೆಯವರು ಬಂದಾಗ ಅವರಿಗೆ ಹೆದರಿ ಅನ್ಯಜನರೊಂದಿಗೆ ಊಟಕ್ಕೆ ಕೂರುವುದನ್ನು ನಿಲ್ಲಿಸಿದನು. ಕಲಿತ ಪಾಠಕ್ಕಿಂತ ಹಳೆಯ ರೂಢಿಯ ಕೈ ಮೇಲಾಯಿತು. ತನ್ನ ನಂತರ ಅಪೊಸ್ತಲನಾದ ಪೌಲನಿಂದ ಎಲ್ಲರ ಮುಂದೆ, ಮುಖಾಮುಖಿಯಾಗಿ ಗದರಿಸಿಕೊಂಡನು. ಆಗ ಪೇತ್ರನು ಏನು ಉತ್ತರ ಕೊಟ್ಟನೆಂದು ಗಲಾತ್ಯದವರಿಗೆ ಬರೆದ ಪತ್ರಿಕೆ ಹೇಳುವುದಿಲ್ಲ. ಆದರೆ ಪೇತ್ರನ ಎರಡನೆಯ ಪತ್ರಿಕೆಯ ಕೊನೆಯ ಭಾಗದಲ್ಲಿ ಅದೇ ಪೌಲನು "ನಮ್ಮ ಪ್ರಿಯ ಸಹೋದರ" ಎಂದು ಕರೆಯಲ್ಪಟ್ಟಿದ್ದಾನೆ. ನಿಮ್ಮನ್ನು ತಿದ್ದಿದ ಆ ಕಿರಿಯರ ವಿಷಯದಲ್ಲಿ ಇಂಥ ಮಾತು ನಿಮ್ಮ ಬಾಯಿಂದ ಬರುವವರೆಗೆ ಕೆಲಸ ಮುಗಿದಿಲ್ಲವೆಂದು ತಿಳಿಯಿರಿ. ಸದ್ಯಕ್ಕೆ, ತಿದ್ದುವ ಮಾತು ಕಿವಿಗೆ ಬಿದ್ದ ಕೂಡಲೇ ಉತ್ತರಿಸದೆ ಒಂದು ರಾತ್ರಿ ಕಳೆಯಲು ಬಿಡಿ, ಅದರಲ್ಲಿ ಎಷ್ಟು ನಿಜವಿದೆ ಎಂದು ಪ್ರಾರ್ಥನೆಯಲ್ಲಿ ಕೇಳಿಕೊಳ್ಳಿ. ಎಲ್ಲ ಟೀಕೆಯೂ ನ್ಯಾಯವಾಗಿರುವುದಿಲ್ಲ, ಅದೂ ನನಗೆ ಗೊತ್ತು. ಮಹಾಯಾಜಕನ ಮುಂದೆ ಒಬ್ಬನು ಕೆನ್ನೆಗೆ ಹೊಡೆದಾಗ ಯೇಸುವು, ನಾನು ತಪ್ಪು ಮಾತಾಡಿದ್ದರೆ ಆ ತಪ್ಪು ಏನೆಂದು ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದನು. ದೀನತೆಯೆಂದರೆ ಸುಳ್ಳನ್ನು ಒಪ್ಪಿಕೊಳ್ಳುವುದಲ್ಲ.

ನಿಜವಾಗಿ ಬೆಳೆದಿದ್ದೇನೆಯೇ ಎಂದು ನೀವು ಕೇಳಿದ್ದೀರಿ. ಕ್ರಿ.ಶ. 55ರ ಸುಮಾರಿಗೆ ಕೊರಿಂಥದವರಿಗೆ ಬರೆಯುವಾಗ ಪೌಲನು ತನ್ನನ್ನು ಅಪೊಸ್ತಲರಲ್ಲಿ ಅತ್ಯಲ್ಪನೆಂದು ಕರೆದುಕೊಂಡನು. ಸೆರೆಯಲ್ಲಿದ್ದಾಗ ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ದೇವಜನರೆಲ್ಲರಲ್ಲಿಯೂ ಅತ್ಯಲ್ಪನೆಂದನು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಪಾಪಿಗಳಲ್ಲಿ ತಾನೇ ಮುಖ್ಯನೆಂದನು. ಪಯಣ ಮುಂದುವರಿದಂತೆ ಅವನಿಗೆ ತನ್ನ ದೋಷ ಹೆಚ್ಚು ಹೆಚ್ಚು ಕಾಣತೊಡಗಿತು, ಕ್ರಿಸ್ತನ ಕೃಪೆಯೂ ಅಷ್ಟೇ ದೊಡ್ಡದಾಗಿ ಕಂಡಿತು. ಹತ್ತು ವರ್ಷಗಳ ಹಿಂದೆ ನಿಮಗೆ ನಿಮ್ಮ ಕುಡಿತ ಮಾತ್ರ ಕಾಣುತ್ತಿತ್ತು. ಇಂದು ತಾತ್ಸಾರ, ಒಳಗಿನ ಕುದಿ, ಮನೆಯ ಸಿಟ್ಟು ಇವೆಲ್ಲ ಕಾಣುತ್ತಿವೆ. ಈ ನೋಟವನ್ನು ಕೊಟ್ಟವನು ಪವಿತ್ರಾತ್ಮನೇ.

ಪ್ರಶ್ನೆ: ನಾನು ವಿದ್ಯಾರ್ಥಿ. ಒಬ್ಬನೇ ಇರುವಾಗ ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವ ಅಭ್ಯಾಸವಿದೆ. ಪ್ರತಿ ಸಲವೂ ಅತ್ತು ಪ್ರಾರ್ಥಿಸುತ್ತೇನೆ, ಕೆಲವು ದಿನ ಸರಿಯಿದ್ದು ಮತ್ತೆ ಬೀಳುತ್ತೇನೆ. ದೇವರು ನನ್ನಿಂದ ಬೇಸತ್ತಿರಬಹುದೇ? ಇಷ್ಟಪಡುವ ಒಳ್ಳೆಯದನ್ನು ಮಾಡದೆ ಬೇಡವೆನ್ನುವ ಕೆಟ್ಟದ್ದನ್ನೇ ಮಾಡುತ್ತೇನೆ ಎಂಬ ಮಾತಿರುವ, ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೆಯ ಅಧ್ಯಾಯ ನನ್ನಂಥವರ ಬಗ್ಗೆಯೇ?

ಉತ್ತರ: ಬೇಸತ್ತಿಲ್ಲ. ಸಹೋದರನನ್ನು ಏಳು ಸಾರಿಯಲ್ಲ, ಏಳೆಪ್ಪತ್ತು ಸಾರಿ ಕ್ಷಮಿಸಬೇಕೆಂದು ಪೇತ್ರನಿಗೆ ಹೇಳಿದವನು ತಾನೇ ಅದಕ್ಕಿಂತ ಕಡಿಮೆ ಕ್ಷಮಿಸುತ್ತಾನೆಯೇ? ನೀವು ಹೇಳಿದ ಅಧ್ಯಾಯದ ಬಗ್ಗೆ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಸಂತ ಅಗಸ್ಟೀನನು ಮೊದಲು ಅದನ್ನು ಧರ್ಮಶಾಸ್ತ್ರಕ್ಕೆ ಅಧೀನನಾಗಿ, ಇನ್ನೂ ಕೃಪೆಯನ್ನು ಅರಿಯದ ಮನುಷ್ಯನ ಮಾತೆಂದು ಓದಿ, ಅನಂತರ ವಿಶ್ವಾಸಿಯಾದ ಪೌಲನ ಮಾತೂ ಆಗಬಹುದೆಂದು ಅಭಿಪ್ರಾಯವನ್ನು ಬದಲಿಸಿಕೊಂಡನು. ಯಾವ ವ್ಯಾಖ್ಯಾನ ಸರಿಯಾದರೂ ಆ ಅಧ್ಯಾಯದ ಕೊನೆಯಲ್ಲಿರುವುದು ಬಿಡಿಸುವವನು ಯಾರೆಂಬ ಕೂಗು ಮತ್ತು ಅದಕ್ಕೆ ಸಿಕ್ಕ ಯೇಸು ಕ್ರಿಸ್ತನೆಂಬ ಉತ್ತರ. ಆದುದರಿಂದ ಅದನ್ನು ಸೋಲಿಗೆ ಸಮಾಧಾನವಾಗಿ ಬಳಸಿಕೊಳ್ಳದೆ 8ನೆಯ ಅಧ್ಯಾಯದವರೆಗೂ ಓದಿ.

ಅಗಸ್ಟೀನನ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಅವನು 386ರಲ್ಲಿ ಮಿಲಾನ್ ನಗರದ ತೋಟವೊಂದರಲ್ಲಿ ಅದೇ ಪತ್ರಿಕೆಯ 13ನೆಯ ಅಧ್ಯಾಯದ ಕೊನೆಯ ವಚನಗಳನ್ನು ಓದಿ ಕಾಮದ ಹಳೆಯ ಜೀವನಕ್ಕೆ ಬೆನ್ನು ತಿರುಗಿಸಿದನು. ಮರುವರ್ಷ ದೀಕ್ಷಾಸ್ನಾನ ಪಡೆದನು. ಸುಮಾರು ಹತ್ತು ವರ್ಷಗಳ ನಂತರ, ಹಿಪ್ಪೋ ನಗರದ ಬಿಷಪ್ ಆಗಿದ್ದಾಗ ಬರೆದ ಆತ್ಮನಿವೇದನೆಯಲ್ಲಿ, ಹಳೆಯ ಅಭ್ಯಾಸದ ಚಿತ್ರಗಳು ಇನ್ನೂ ನಿದ್ರೆಯಲ್ಲಿ ತನ್ನನ್ನು ಕಾಡುತ್ತವೆಂದು ಅವನು ದೇವರ ಮುಂದೆ ತೋಡಿಕೊಳ್ಳುತ್ತಾನೆ. ಜನ ತನ್ನನ್ನು ಹೊಗಳಲಿ ಎಂಬ ಆಸೆಯೂ ತನ್ನಲ್ಲಿ ಸತ್ತಿಲ್ಲವೆಂದು ಅಲ್ಲಿಯೇ ಹೇಳುತ್ತಾನೆ. ಮನಸ್ಸು ತಿರುಗಿದ ದಿನವೇ ನೆನಪು ಅಳಿಸಿಹೋಗುವುದಿಲ್ಲ. ನೆನಪು ಉಳಿದಿದೆ ಎಂದು ನಿಮ್ಮ ಪಶ್ಚಾತ್ತಾಪವನ್ನು ಸುಳ್ಳೆಂದುಕೊಳ್ಳಬೇಡಿ.

ಅವನು ಅಂದು ಓದಿದ ವಚನದಲ್ಲಿ ಶರೀರದ ಆಶೆಗಳಿಗೆ ಅನುಕೂಲ ಮಾಡಿಕೊಡಬಾರದೆಂಬ ಮಾತಿದೆ. ರಾತ್ರಿ ಮೊಬೈಲನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗುವುದೇ ಆ ಅನುಕೂಲ. ಅದನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ, ಅಲಾರಂಗೆ ಬೇರೆ ಗಡಿಯಾರ ಇಟ್ಟುಕೊಳ್ಳಿ. ಪ್ರಾರ್ಥನೆ ಮಾಡುವವನಿಗೆ ಇಂಥ ಏರ್ಪಾಡು ಯಾಕೆ ಎಂದು ಕೇಳುವವರಿದ್ದಾರೆ. ಕಣ್ಣು ಪಾಪಕ್ಕೆ ಕಾರಣವಾದರೆ ಕಿತ್ತು ಬಿಸಾಡು ಎಂಬಷ್ಟು ಕಟುವಾಗಿ ಕರ್ತನೇ ಹೇಳಿರುವಾಗ ಒಂದು ಫೋನನ್ನು ಆಚೆಗಿಡುವುದು ದೊಡ್ಡದಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಪೌಲನು ಕಳ್ಳನಿಗೆ ಕದಿಯಬೇಡವೆಂದು ಹೇಳಿ ಅಷ್ಟಕ್ಕೇ ಬಿಡುವುದಿಲ್ಲ, ಕೈಯಿಂದ ದುಡಿದು ಕೊರತೆಯಲ್ಲಿರುವವರಿಗೆ ಕೊಡಬೇಕೆನ್ನುತ್ತಾನೆ. ನೀವೂ ಆ ಒಂಟಿತನದ ಹೊತ್ತನ್ನು ಖಾಲಿ ಬಿಡದೆ ಯಾರಿಗಾದರೂ ಉಪಯೋಗವಾಗುವ ಕೆಲಸಕ್ಕೆ ಮುಡಿಪಾಗಿಡಿ.

ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು, ಇದನ್ನು ನೀವು ಇದುವರೆಗೆ ಯಾವ ಮನುಷ್ಯರಿಗೂ ಹೇಳಿದಂತೆ ಕಾಣದಿರುವುದು. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಪ್ರಾರ್ಥಿಸಿರಿ ಎಂದು ಯಾಕೋಬನು ಬರೆದಿದ್ದಾನೆ. ನಾಚಿಕೆಯೆಲ್ಲ ಅಹಂಕಾರವೆಂದು ನಾನು ಹೇಳುವುದಿಲ್ಲ. ಆದರೂ "ನನ್ನ ಬಗ್ಗೆ ಅವರಿಗಿರುವ ಒಳ್ಳೆಯ ಅಭಿಪ್ರಾಯ ಹೋಗಿಬಿಟ್ಟರೆ?" ಎಂಬ ಹೆದರಿಕೆಯಿಂದಲೇ ಎಷ್ಟೋ ಜನರು ಈ ಹೊರೆಯನ್ನು ಒಬ್ಬರೇ ಹೊತ್ತು ಬಳಲುತ್ತಾರೆ. ಮಾತನ್ನು ಗುಟ್ಟಾಗಿ ಉಳಿಸಿಕೊಳ್ಳಬಲ್ಲ, ನಿಮಗಿಂತ ಪಕ್ವವಾದ ಒಬ್ಬ ಸಹೋದರರಿಗೋ ಸಭಾಪಾಲಕರಿಗೋ ಈ ವಾರವೇ ಹೇಳಿ. ಮತ್ತೆ ಬಿದ್ದರೆ ಅಳುತ್ತ ದಿನಗಳನ್ನು ಕಳೆಯಬೇಡಿ; ಅದೇ ದಿನ ಅವರಿಗೆ ತಿಳಿಸಿ, ಅದೇ ದಿನ ಎದ್ದು ನಡೆಯಿರಿ.

ಪ್ರಶ್ನೆ: ಸಭೆಯಲ್ಲಿ ಹಾಡುತ್ತೇನೆ. ಯಾರಾದರೂ ಮೆಚ್ಚಿಕೊಂಡರೆ "ನನಗೇನೂ ಬರುವುದಿಲ್ಲ" ಎನ್ನುತ್ತೇನೆ. ಇದು ದೀನತೆಯಲ್ಲವೇ?

ಉತ್ತರ: ಅಲ್ಲ, ನಿಮಗೆ ಹಾಡಲು ಬರುತ್ತದೆ. ತನ್ನ ಯೋಗ್ಯತೆಗೆ ಮೀರಿ ತನ್ನನ್ನು ಭಾವಿಸಿಕೊಳ್ಳದೆ ನ್ಯಾಯವಾಗಿ ಭಾವಿಸಿಕೊಳ್ಳಬೇಕೆಂದು ಪೌಲನು ರೋಮಾಪುರದವರಿಗೆ ಬರೆದನು. ಇದ್ದದ್ದನ್ನು ಇಲ್ಲವೆನ್ನಬೇಕೆಂದು ಬರೆಯಲಿಲ್ಲ. "ನನ್ನ ಕಾಲನ್ನು ನೀನು ಎಂದಿಗೂ ತೊಳೆಯಬಾರದು" ಎಂದ ಪೇತ್ರನ ಮಾತೂ ಕೇಳಲು ದೀನವಾಗಿಯೇ ಇತ್ತು, ಆದರೆ ಯೇಸು ಅದನ್ನು ಒಪ್ಪಲಿಲ್ಲ. ಮೆಚ್ಚಿಕೊಂಡವರಿಗೆ "ಧನ್ಯವಾದ, ದೇವರಿಗೆ ಸ್ತೋತ್ರ" ಎಂದು ಹೇಳಿ ಅವರ ಯೋಗಕ್ಷೇಮ ವಿಚಾರಿಸಿ. ಶ್ರುತಿ ತಪ್ಪಿತೆಂದು ಹೇಳಿದವರಿಗೂ ಅದೇ ಧನ್ಯವಾದವನ್ನು ಹೇಳಿ, ಮುಂದಿನ ವಾರದ ಅಭ್ಯಾಸದಲ್ಲಿ ಆ ಸಾಲನ್ನು ಸರಿಪಡಿಸಿಕೊಳ್ಳಿ.