ಚೋರಾವ್‌ನಲ್ಲಿ ಹಕ್ಕಿಯೇ ಇಲ್ಲ ಅಂದವರಿಗೆ

'ಹುಣ್ಣಿಮೆ ಮಾರನೇ ದಿನ ಬೆಳಿಗ್ಗೆ 6.30ಕ್ಕೇ ಚೋರಾವ್ ಮುಟ್ಟಿದೆವು, ನಾಲ್ಕು ಬೆಳ್ಳಕ್ಕಿ ಬಿಟ್ಟರೆ ಬರೀ ಕೆಸರು' ಅಂತ ಗೋವಾದ ಮಾಂಡೋವಿ ನದಿಯ ಈ ದ್ವೀಪದ, ಅಂದರೆ ಸಲೀಂ ಅಲಿ ಪಕ್ಷಿಧಾಮ ಇರುವ ಜಾಗದ, ಬಗ್ಗೆ ಬರೆದಿದ್ದೀರಿ. ನಗು ಬಂತು, ಬೇಜಾರು ಮಾಡ್ಕೋಬೇಡಿ. ವಾಸ್ಕೋಗೆ ಬಂದ ಹೊಸತರಲ್ಲಿ ನಾನೂ ಇದನ್ನೇ ಮಾಡಿದ್ದೆ. ಹಕ್ಕಿ ಅಲ್ಲೇ ಇದ್ದವು. ನೀರು ಇಳಿದಿತ್ತು, ಅವು ಅರ್ಧ ಕಿಲೋಮೀಟರ್ ಆಚೆ ಕೆಸರಿನ ಅಂಚಿಗೆ ಹೋಗಿದ್ದವು. ಕೆಸರು ಬಣ್ಣದ ಗೊರವ (ನೀರಂಚಿನಲ್ಲಿ ಮೇಯುವ ಸ್ಯಾಂಡ್‌ಪೈಪರ್ ಜಾತಿಯ ಹಕ್ಕಿ) ಕೆಸರಿನಲ್ಲಿ ಕೂತರೆ ಯಾರಿಗೆ ಕಾಣುತ್ತದೆ?

ಸೂರ್ಯ ಹುಟ್ಟೋ ಮೊದಲೇ ಹೋಗಬೇಕು ಅನ್ನೋದು ದಾಂಡೇಲಿ ಕಾಡಿಗೆ ಸರಿ. ನದಿ ಕಡಲು ಸೇರುವ ಅಳಿವೆಗೆ ಭರತಿ, ಅಂದರೆ ಕಡಲ ನೀರು ಏರುವ ಹೊತ್ತು, ನೋಡಿ ಹೊರಡಿ. ಹುಣ್ಣಿಮೆ, ಅಮಾವಾಸ್ಯೆಗೆ ಇಲ್ಲಿ ನೀರು ತುಂಬೋದು ಬೆಳಿಗ್ಗೆ 11ರ ಆಸುಪಾಸು. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಮುರ್ಮುಗೋವಾ ಬಂದರಿನ ಭರತಿ ಪಟ್ಟಿ ನೋಡಿದರೆ ಸಾಕು, ಚೋರಾವ್ ನದಿಯ ಒಳಗಿರುವುದರಿಂದ ಅಲ್ಲಿಗೆ ತುಸು ತಡ ಅಂತ ಲೆಕ್ಕ ಹಾಕಿ. ತುಂಬುವ ಮುಂಚಿನ ಎರಡು ಮೂರು ಗಂಟೆ ನನಗೆ ಬೇಕು. ನೀರು ಏರಿದಷ್ಟೂ ಹಕ್ಕಿಗಳು ಹಿಂದೆ ಸರಿಯುತ್ತಾ ನಿಮ್ಮ ಕಾಲ ಹತ್ತಿರವೇ ಬರುತ್ತವೆ. ನೀವು ಸುಮ್ನೆ ನಿಂತಿರಬೇಕು, ಅಷ್ಟೇ.

ಅತಿ ಆಸೆಯೂ ಬೇಡ. ಏಳೆಂಟು ವರ್ಷದ ಹಿಂದೆ ಧಾರವಾಡದಿಂದ ಬಂದ ಭಾವನನ್ನು ಕರೆದುಕೊಂಡು ಭರತಿ ಹೊತ್ತಿಗೆ ದೋಣಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಾಲುವೆಯೊಳಗೆ ಹೋದೆ. ಕಾಲರ್ಡ್ ಕಿಂಗ್‌ಫಿಶರ್ ಸಿಕ್ಕಿತು. ನೀಲಿ-ಹಸಿರು ಬೆನ್ನು, ಕುತ್ತಿಗೆಗೆ ಬಿಳಿ ಪಟ್ಟಿ, ಬೇರಿನ ಮೇಲೆ ಕೂತು ಅಲುಗಾಡದು. ಇನ್ನೊಂದು ಫೋಟೋ, ಇನ್ನೊಂದು ಫೋಟೋ ಅಂತ ಇದ್ದೆ. ದೋಣಿಯವನು ಕೊಂಕಣಿಯಲ್ಲಿ ಮೂರು ಸಲ 'ನೀರು ಇಳೀತಿದೆ' ಅಂದ. ಕೇಳಲಿಲ್ಲ. ನಾಲ್ಕನೇ ಸಲ ಅವನು ಏನೂ ಹೇಳಲಿಲ್ಲ, ಹುಟ್ಟು ಕೆಸರಿಗೆ ನೆಟ್ಟು ಬೀಡಿ ಹಚ್ಚಿದ. ಮೂರು ಗಂಟೆಗೂ ಹೆಚ್ಚು ಅಲ್ಲೇ! ಸುತ್ತ ಒಂದು ಕೈ ಮಾತ್ರ ದಪ್ಪಗಿರುವ ಏಡಿಗಳು ಆ ಕೈ ಎತ್ತಿ ಎತ್ತಿ ಆಡಿಸುತ್ತಿದ್ದವು. 'ನಿನ್ನನ್ನೇ ಕರೀತಿವೆ ನೋಡು' ಅಂದ ಭಾವ. ಫೋಟೋ? ಒಂದೂ ಸರಿ ಬಂದಿರಲಿಲ್ಲ.

ಅಂದು ನನ್ನ ಕೈಯಲ್ಲಿ ಆನ್‌ಲೈನಿನಲ್ಲಿ ಕೊಂಡ 20 ಪಟ್ಟಿನ ಬೈನಾಕ್ಯುಲರ್ ಇತ್ತು. ದೋಣಿಯಲ್ಲಿ ಅದರಲ್ಲಿ ನೋಡಿದರೆ ಹಕ್ಕಿ ಕುಣಿಯುತ್ತದೆ. 8 ಪಟ್ಟು ದೊಡ್ಡದಾಗಿ ತೋರಿಸುವ 8x42 ಸಾಕು. ನಿಕಾನ್ ಪ್ರೊಸ್ಟಾಫ್ ನನ್ನ ಆಯ್ಕೆ, ಕೆಲವರಿಗೆ ಒಲಿಂಪಸ್ ಇಷ್ಟ, ಜಗಳ ಬೇಡ. ಮೆರ್ಲಿನ್ ಆಪ್‌ ಕೂಗು ಕೇಳಿ ಹಕ್ಕಿ ಗುರುತಿಸುತ್ತದೆ ಅಂತ ನಂಬಿ ಗೊರವ ನೋಡಲು ಹೋಗುವವರನ್ನು ಮಾತ್ರ ನನ್ನ ಮುಂದೆ ತರಬೇಡಿ.

ಇಡೀ ಸಲೀಂ ಅಲಿ ಪಕ್ಷಿಧಾಮ 1.78 ಚದರ ಕಿ.ಮೀ. ಮಾತ್ರ. ಭರತಿ ಪೂರ್ತಿ ಆದ ಮೇಲೆ ಅಲ್ಲೇ ಕಾಯಬೇಡಿ. ಫೆರಿ ಹತ್ತಿ ವಾಪಸ್ ರಾಯಬಂದರ್‌ಗೆ ಬನ್ನಿ. ಪಣಜಿ ರಸ್ತೆ, ಅಂದರೆ ಪೋರ್ಚುಗೀಸರು 1630ರ ದಶಕದಲ್ಲಿ ಕಟ್ಟಿಸಿದ ಆ ಉದ್ದನೆಯ ಸೇತುವೆ ರಸ್ತೆ, ಅದರ ಪಕ್ಕದ ಉಪ್ಪಿನಾಗರ (ಉಪ್ಪು ತೆಗೆಯುವ ಗದ್ದೆ) ನೋಡಿ. ಕೆಸರು ಮುಳುಗಿದಾಗ ಗೊರವಗಳು ಅಲ್ಲಿ ಬಂದು ಕೂರುತ್ತವೆ. ಗಾಡಿ ಜಾಸ್ತಿ, ಕಾರು ದೂರ ನಿಲ್ಲಿಸಿ.

ಕಡಲಕ್ಕಿ (ಗಲ್), ರೀವ (ಟರ್ನ್) ಬೇಕಾದರೆ ಮೊರ್ಜಿಮ್, ಶಾಪೋರಾ ನದಿ ಕಡಲು ಸೇರುವ ಕಡೆಯ ಮರಳದಿಬ್ಬ. ಡಿಸೆಂಬರ್, ಜನವರಿಯಲ್ಲಿ ನೂರಾರು ಕೂತಿರುತ್ತವೆ. ದಯವಿಟ್ಟು ಹಾರುವ ಫೋಟೋಗೆ ಅಂತ ಮಕ್ಕಳನ್ನು ಗುಂಪಿನೊಳಗೆ ಓಡಿಸಬೇಡಿ. ಕಳೆದ ಸಲ ಒಬ್ಬರು ಮಾಡಿದ್ದರು, ನಾನು ಬೈದಿದ್ದೆ. ಈಗಲೂ ಬೈತೀನಿ. ಅವು ದಣಿದು ಬಂದ ಹಕ್ಕಿಗಳು, ಅಲ್ವಾ? ಕುಟ್ಠಾಳಿಯಿಂದ ಝುವಾರಿ ನದಿಯ ದೋಣಿ ಸವಾರಿಯೂ ಚೆನ್ನ. ಕುಂಭಾರಜುವೆ ಕಾಲುವೆಯಲ್ಲಿ ಮೊಸಳೆ ಇವೆ, ಕೈ ನೀರಿಗಿಡಬೇಡಿ.

ಭಾನುವಾರ ಭರತಿ ಹೊಂದದಿದ್ದರೆ ಕರಮಳಿ ಕೆರೆಗೆ ಹೋಗಿ. ರೈಲು ನಿಲ್ದಾಣದ ಹತ್ತಿರವೇ. ಅಲ್ಲಿ ಭರತಿ ಇಳಿತದ ಗೊಡವೆ ಇಲ್ಲ, ಸಿಳ್ಳೆ ಬಾತು, ಜಂಬುಕೋಳಿ ಆರಾಮಾಗಿ ಸಿಗುತ್ತವೆ. ಮುಂದಿನ ಅಮಾವಾಸ್ಯೆ ಆಸುಪಾಸಿನ ಭಾನುವಾರ ಬರೋದಾದರೆ ಹೇಳಿ, 8ಕ್ಕೆ ರಾಯಬಂದರ್ ಫೆರಿ ಹತ್ತಿರ ಸಿಗೋಣ. ಮಂಡಕ್ಕಿ ನಾನು ತರ್ತೀನಿ.