ಟ್ಯೂಬಿನಲ್ಲಿ ಬರೀ ಗಂಡು ಬಂದರೆ ತಳಿ ಕೆಟ್ಟಿದೆ ಎಂದಲ್ಲ

ಹೊಸದುರ್ಗದ ಅಣ್ಣನವರೇ, ತೆಂಗಿನ ಗರಿ ತಿನ್ನುವ ಕಪ್ಪು ತಲೆ ಹುಳುವಿಗೆಂದು ಮನೆಯಲ್ಲೇ ಟ್ಯೂಬುಗಳಲ್ಲಿ ಸಾಕುತ್ತಿರುವ, ಆ ಹುಳುವಿನ ಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಗೋನಿಯೋಜಸ್ ಕಣಜಗಳು ಮೂರನೆಯ ಸುತ್ತಿಗೆ ಬಹುತೇಕ ಗಂಡೇ ಆದವು, ಒಡಹುಟ್ಟಿದವೇ ಕೂಡಿ ತಳಿ ಕೆಟ್ಟಿತೇ, ಎಲ್ಲವನ್ನೂ ಚೆಲ್ಲಿ ಹೊಸದಾಗಿ ತರಲೇ ಎಂದು ಕೇಳಿದ್ದೀರಿ. ದಯವಿಟ್ಟು ಚೆಲ್ಲಬೇಡಿ. ಹಿರಿಯೂರಿನ ನಮ್ಮ ತೋಟಕ್ಕೆ ಸಾಕುವಾಗ ನಾನೂ ಇದೇ ಅನುಮಾನದಿಂದ ಎಲ್ಲವನ್ನೂ ಚೆಲ್ಲಿದ್ದೆ. ಆ ಬೇಸಿಗೆಯಲ್ಲಿ ಬಿಡಲು ಒಂದು ಕಣಜವೂ ಇರಲಿಲ್ಲ, ಗರಿಗಳು ಬೆಂಕಿ ತಗುಲಿದಂತೆ ಒಣಗಿದವು.

ಕಣಜಗಳಲ್ಲಿ ಸಾಮಾನ್ಯವಾಗಿ ಗಂಡಿಗೆ ತಂದೆಯೇ ಇರುವುದಿಲ್ಲ. ಹೆಣ್ಣು ಒಮ್ಮೆ ಕೂಡಿದರೆ ವೀರ್ಯವನ್ನು ಒಡಲಿನ ಪುಟ್ಟ ಚೀಲದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮೊಟ್ಟೆಗೆ ಅದನ್ನು ಸೇರಿಸಿದರೆ ಹೆಣ್ಣು, ಸೇರಿಸದಿದ್ದರೆ ಗಂಡು. ಕೂಡದೇ ಉಳಿದ ಹೆಣ್ಣೂ ಮೊಟ್ಟೆ ಇಡುತ್ತದೆ, ಆದರೆ ಹುಟ್ಟುವುದೆಲ್ಲ ಗಂಡೇ.

ಗೋನಿಯೋಜಸ್ ತಾಯಿ ಒಂದು ಹುಳುವಿನ ಮೇಲೆ ಇಡುವ ಮೊಟ್ಟೆಗಳಲ್ಲಿ ಗಂಡಿನವು ಒಂದೋ ಎರಡೋ ಮಾತ್ರ. ತಂಗಿಯರೆಲ್ಲರನ್ನೂ ಕೂಡಲು ಅಷ್ಟೇ ಸಾಕು. ಆದರೆ ಆ ಒಂದು ಗಂಡು ಮರಿಯಾಗಿದ್ದಾಗಲೇ ಸತ್ತರೆ? ಆ ಟ್ಯೂಬಿನ ಹೆಣ್ಣುಗಳೆಲ್ಲ ಕೂಡದೇ ಉಳಿಯುತ್ತವೆ. ಅವನ್ನು ಹೊರಬಂದ ದಿನವೇ ಒಂದೊಂದಾಗಿ ಬೇರೆ ಟ್ಯೂಬಿಗೆ ಹಾಕಿ ಮೊಟ್ಟೆ ಇಡಲು ಕಾರ್ಸೈರಾ (ಅಕ್ಕಿ ಪತಂಗದ) ಹುಳು ಕೊಟ್ಟಿದ್ದರೆ ನೀವು ಬರೆದ ಫಲವೇ ಬರುತ್ತದೆ. ನಿಮ್ಮಲ್ಲಿ ಆಗಿರುವುದೂ ಇದೇ ಎಂಬುದು ನನ್ನ ಎಣಿಕೆ.

ಆದ್ದರಿಂದ ನಾಲ್ಕೈದು ಟ್ಯೂಬಿನ ಕಣಜಗಳನ್ನು ಒಂದೇ ದೊಡ್ಡ ಸೀಸೆಗೆ ಬಿಟ್ಟು, ಜೇನುತುಪ್ಪದ ಹನಿ ಇಟ್ಟು, ಮೂರು ನಾಲ್ಕು ದಿನ ಒಟ್ಟಿಗೆ ಇರಿಸಿ. ಒಂದರಲ್ಲಿ ಗಂಡಿಲ್ಲದಿದ್ದರೂ ಇನ್ನೊಂದರ ಗಂಡು ಒದಗುತ್ತದೆ. ಆಮೇಲೆ ಹೆಣ್ಣುಗಳನ್ನು ಬೇರ್ಪಡಿಸಿ.

ತಳಿ ಕೆಡುವ ಭಯ ಗೋನಿಯೋಜಸ್‌ಗಿಂತ ಬ್ರಕಾನ್ ಎಂಬ ಇನ್ನೊಂದು ಹುಳು ಕೊಲ್ಲುವ ಕಣಜ ಸಾಕುವವರಿಗೆ ಹೆಚ್ಚು ಇರಬೇಕು. ಬ್ರಕಾನ್ ಹೆಬೆಟರ್ ಹೆಣ್ಣಿಗೆ 20 ವರ್ಣತಂತು, ತಂದೆಯ ಪಾಲಿಲ್ಲದ ಗಂಡಿಗೆ 10. ಲಿಂಗ ತೀರ್ಮಾನಿಸುವ ಒಂದು ವಂಶವಾಹಿ ಅದರಲ್ಲಿದೆ, ಅದಕ್ಕೆ ಹಲವು ರೂಪಗಳಿವೆ. ತಂದೆ ತಾಯಿಯಿಂದ ಬೇರೆ ಬೇರೆ ರೂಪ ಬಂದರೆ ಹೆಣ್ಣು. ಎರಡೂ ಒಂದೇ ಆದರೆ, ವೀರ್ಯ ಸೇರಿದ ಮೊಟ್ಟೆಯೂ ಗಂಡಾಗಿ ತಿರುಗುತ್ತದೆ. ಅಂಥವುಗಳಲ್ಲಿ ಹೆಚ್ಚಿನವು ಮೊಟ್ಟೆಯಲ್ಲೇ ಸಾಯುತ್ತವೆ, ಬದುಕಿದವೂ ಸಂತಾನಕ್ಕೆ ಒದಗುವುದಿಲ್ಲ. ವೈಟಿಂಗ್ ಎಂಬ ವಿಜ್ಞಾನಿ ಇದನ್ನು 1943ರಲ್ಲೇ ವಿವರಿಸಿದ್ದರು. ಹೀಗಾಗಿ ಬ್ರಕಾನ್ ಸಾಕುವವರು ಆಗಾಗ ಬೇರೆ ಊರಿನ ಕಣಜ ತಂದು ಬೆರೆಸಲೇಬೇಕು. ಗೋನಿಯೋಜಸ್‌ನಲ್ಲಿ ಪೀಳಿಗೆಗಳ ಕಾಲ ಒಡಹುಟ್ಟಿದವನ್ನೇ ಕೂಡಿಸಿ ನೋಡಿದಾಗಲೂ ಇಂಥ ಗಂಡುಗಳು ಕಂಡಿಲ್ಲ. ಗಂಡಿನಲ್ಲಿ ಪ್ರತಿಯೊಂದು ವಂಶವಾಹಿಯ ಒಂದೇ ನಕಲು ಇರುವುದರಿಂದ ದೋಷ ಮರೆಯಲ್ಲಿ ಉಳಿಯುವುದಿಲ್ಲ. ದೋಷವಿರುವ ಗಂಡು ಸಾಯುತ್ತದೆ, ದೋಷವೂ ಅಲ್ಲಿಗೇ ಮುಗಿಯುತ್ತದೆ. ಲಕ್ಷಾಂತರ ವರ್ಷ ಹೀಗೆ ಜರಡಿ ಹಿಡಿದು ಬಂದ ತಳಿಯನ್ನು ಮೂರು ಸುತ್ತಿಗೆ ಶಂಕಿಸಬೇಡಿ.

ತೋಟಕ್ಕೆ ಬಿಡುವ ಮೊದಲು ಗರಿಯ ಅಡಿಯಲ್ಲಿ ಹುಳು ಕಟ್ಟಿಕೊಂಡ ಜಾಡು ಬಿಡಿಸಿ ನೋಡಿ. ಗೋನಿಯೋಜಸ್‌ಗೆ ಬಲಿತ ಹುಳುವೇ ಬೇಕು, ಎಳೆಯ ಮರಿಗಳೇ ಇದ್ದರೆ ಕಾಯಿರಿ. ಔಷಧಿ ಹೊಡೆದ ತೋಟಕ್ಕೆ ಈಗಲೇ ಬಿಡಬೇಡಿ.

ಉಳಿದಿರುವ ಗಂಡುಗಳನ್ನು ಸಾಯಗೊಡದೆ ಜೇನುತುಪ್ಪ ಕೊಟ್ಟು ಇಟ್ಟಿರಿ. ನನ್ನ ಬಳಿ ಗೂಡು ಕಟ್ಟಿರುವ ಆರು ಟ್ಯೂಬ್ ಇವೆ. ಹಿರಿಯೂರಿಗೆ ಬಂದಾಗ ಎರಡು ಒಯ್ದು, ಹೊರಬಂದ ಹೆಣ್ಣುಗಳ ಜೊತೆ ನಿಮ್ಮ ಗಂಡುಗಳನ್ನು ಬಿಡಿ.