ಸಂಜೆ ಹೊತ್ತಿಗೆ ಕತ್ತು ಹೆಗಲವರೆಗೂ ಬಿಗಿಯುತ್ತೆ, ಕೈ ಜೋಮು ಹಿಡಿಯಲ್ಲ. ಎಕ್ಸ್‌ರೇನಲ್ಲಿ ಸರ್ವೈಕಲ್ ಸ್ಪಾಂಡಿಲೋಸಿಸ್, ಅಂದ್ರೆ ಕತ್ತಿನ ಮೂಳೆ ಸವೆತ, ಅಂತ ಬಂದಿದೆ, ಜೀವನಪೂರ್ತಿ ಕತ್ತಿಗೆ ಕಾಲರ್ ಹಾಕ್ಕೋಬೇಕಾ?

ಖಂಡಿತ ಬೇಡ, ಮೊದಲು ಆ ರಿಪೋರ್ಟ್ ಭಯ ಬಿಡಿ. ನಾನು ಬೆಂಗಳೂರಿನ ಜಯನಗರದಲ್ಲಿ ಫಿಸಿಯೋಥೆರಪಿಸ್ಟ್, ನಿಮ್ಮಂಥವ್ರು, ಮೂವತ್ತು ದಾಟಿರೋ ಲ್ಯಾಪ್‌ಟಾಪ್ ಕೆಲಸದವ್ರು, ಎಕ್ಸ್‌ರೇ ಕವರ್ ಹಿಡ್ಕೊಂಡು "ಮೂಳೆ ಸವೆದಿದೆಯಂತೆ" ಅಂತ ಮುಖ ಸಪ್ಪೆ ಮಾಡ್ಕೊಂಡು ಬರ್ತಾನೇ ಇರ್ತಾರೆ. ಕತ್ತಲ್ಲಿರೋ 7 ಮೂಳೆ, ಅವುಗಳ ಮಧ್ಯೆ ಮೆತ್ತೆ ಥರ ಇರೋ ಡಿಸ್ಕು ವಯಸ್ಸಾಗ್ತಾ ಸವೆಯೋದು ಕೂದಲು ನೆರೆತ ಹಾಗೆ, ಒಂದಿನಾನೂ ಕತ್ತು ನೋವು ಬರದೇ ಇರೋರಿಗೆ ಸ್ಕ್ಯಾನ್ ಮಾಡಿದ್ರೂ ಎಷ್ಟೋ ಜನಕ್ಕೆ ಇದೇ ಕಾಣುತ್ತೆ.

ಸಂಜೆ ಹೊತ್ತಿಗೆ ಹೆಗಲವರೆಗೂ ಬಿಗಿಯುತ್ತೆ, ಕೈ ಜೋಮು ಹಿಡಿಯಲ್ಲ ಅಂತ ಬರೆದಿದೀರಲ್ಲ, ಅದು ಹೆಚ್ಚಾಗಿ ಸ್ನಾಯುಗಳು ದಣಿದು ಬರೋ ನೋವು. ತಲೆ ಭಾರಾನೇ 4-5 ಕೆಜಿ, ಬಗ್ಗಿಸಿದಷ್ಟೂ ಹಿಂದಿನ ಸ್ನಾಯು ಜಾಸ್ತಿ ಎಳೀಬೇಕು, ಆಫೀಸಲ್ಲಿ ದಿನವೆಲ್ಲಾ ಹಾಗೇ ಕೂತು ಆಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಕ್ಯಾಬ್‌ನಲ್ಲಿ ಮೊಬೈಲ್ ನೋಡ್ತಾ ಬಗ್ಗಿದ್ರೆ ಅದಕ್ಕೆ ಬಿಡುವೆಲ್ಲಿ? ಕಾಲರ್ ವಾರಗಟ್ಟಲೆ ಹಾಕ್ಕೊಂಡ್ರೆ ಆ ಸ್ನಾಯು ಇನ್ನೂ ಸೋಲುತ್ತೆ. ಕತ್ತಿಗೆ ಬೇಕಿರೋದು ಓಡಾಟ.

ಗೋಡೆಗೆ ಬೆನ್ನು ಆನಿಸಿ ನಿಂತ್ಕೊಳ್ಳಿ, ತಲೆ ಮೇಲೆ ಕೆಳಗೆ ಮಾಡ್ದೆ ಗದ್ದವನ್ನ ನೇರ ಹಿಂದಕ್ಕೆ ಎಳ್ಕೊಳ್ಳಿ, 5 ಸೆಕೆಂಡ್ ಹಿಡಿದು ಬಿಡಿ, 10 ಸಲ. ಆಮೇಲೆ ಹಣೆಗೆ ಅಂಗೈ ಒತ್ತಿ, ತಲೆ ಅಲ್ಲಾಡದ ಹಾಗೆ ಹಣೆಯಿಂದ ಕೈನ ತಳ್ಳಿ, ಎರಡೂ ಪಕ್ಕಕ್ಕೂ ಹೀಗೇ. ಎಳೆದ ಹಾಗನ್ನಿಸಿದ್ರೆ ಪರ್ವಾಗಿಲ್ಲ, ಚುಚ್ಚೋ ಥರ ನೋವು ಬಂದ್ರೆ ನಿಲ್ಲಿಸಿ. ಲ್ಯಾಪ್‌ಟಾಪ್ ಕೆಳಗೆ ಪುಸ್ತಕ ಪೇರಿಸಿ ಕಣ್ಣಿನ ಮಟ್ಟಕ್ಕೆ ತನ್ನಿ, ಬೇರೆ ಕೀಬೋರ್ಡ್ ಇಟ್ಕೊಳ್ಳಿ, ಅರ್ಧ ಗಂಟೆಗೊಮ್ಮೆ ಎದ್ದೇಳಿ. ಬಿಸಿ ಶಾಖ ಕೊಡಬಹುದು, ನೋವಿನ ಮಾತ್ರೆ ಡಾಕ್ಟರ್ ಹೇಳಿದಷ್ಟು ದಿನ ಮಾತ್ರ. ಇಂಥ ನೋವು ಹೆಚ್ಚಿನವ್ರಿಗೆ ಕೆಲವು ವಾರದಲ್ಲಿ ಇಳಿಯುತ್ತೆ, ಆದ್ರೆ ಇಳಿದ ಮೇಲೂ ವ್ಯಾಯಾಮ ಬಿಡಬೇಡಿ, ಬಿಟ್ಟೋರೇ ವಾಪಸ್ ಬರೋದು.

ಇನ್ನೊಂದು, ಕೈ ಮುಗಿದು ಕೇಳ್ಕೋತೀನಿ, ಸಲೂನಲ್ಲಿ ಕತ್ತು ತಿರುಗಿಸಿ ನೆಟಿಕೆ ತೆಗಿಸ್ಕೋಬೇಡಿ. ಮಿದುಳಿಗೆ ರಕ್ತ ಹೋಗೋ ನಾಳ ಆ ಎಳೆತಕ್ಕೆ ಸೀಳಿ ಸ್ಟ್ರೋಕ್ ಆಗಿರೋದುಂಟು.

ಕೈಯಲ್ಲಿ ಹಿಡಿದ ಲೋಟ ಜಾರೋದು, ಶರ್ಟ್ ಗುಂಡಿ ಹಾಕೋಕೆ ಬೆರಳು ಕೇಳದೇ ಇರೋದು, ನಡೆಯುವಾಗ ತೂರಾಡೋದು, ಮೂತ್ರದ ಹಿಡಿತ ತಪ್ಪೋದು, ಜ್ವರದ ಜೊತೆ ಕತ್ತು ಸೆಟೆಯೋದು, ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವು, ಇವುಗಳಲ್ಲಿ ಒಂದಿದ್ರೂ ವ್ಯಾಯಾಮ, ಎಣ್ಣೆ ಅಂತ ಕಾಯಬೇಡಿ, ಅವತ್ತೇ ಎಮರ್ಜೆನ್ಸಿ ಇರೋ ಆಸ್ಪತ್ರೆಗೆ ಹೋಗಿ.